ಕಳೆದ ಸಾಲಿನೊಡನೆ ಈ ಸಾಲಿನ ಮಾರಾಟ: ಹೋಲಿಸುವ ಮೊದಲು ಸಮ ಮಾಡಿಕೊಳ್ಳಬೇಕಾದ ಮೂರು ಸಂಗತಿಗಳು



2025ರ ಮೇ 21ರಂದು ಗುಂಡ್ಲುಪೇಟೆಯ ಜವಳಿ ವರ್ತಕರೊಬ್ಬರು ಚಾಮರಾಜನಗರದ ನನ್ನ ಕಚೇರಿಗೆ ಬಂದು, ಕುರ್ಚಿಯಲ್ಲಿ ಕೂರುವ ಮೊದಲೇ ತಮ್ಮ ಮೊಬೈಲ್ ಫೋನನ್ನು ನನ್ನ ಮುಂದಿಟ್ಟರು. ಅಂಗಡಿಯ ಬಿಲ್ಲಿಂಗ್ ತಂತ್ರಾಂಶಕ್ಕೆ ಆ ವರ್ಷ ಹೊಸದಾಗಿ ಜೋಡಿಸಿಕೊಂಡಿದ್ದ ಡ್ಯಾಶ್‌ಬೋರ್ಡ್ ಅದರಲ್ಲಿ ತೆರೆದಿತ್ತು. ‘ವರ್ಷಾರಂಭದಿಂದ ಇದುವರೆಗೆ’ ಎಂಬ ಸಾಲಿನ ಕೆಳಗೆ ಕೆಂಪು ಬಾಣವೊಂದು ಕೆಳಮುಖವಾಗಿತ್ತು. ಅದರ ಪಕ್ಕದಲ್ಲಿ ಶೇ. 31 ಎಂದಿತ್ತು.

“ಸಾರ್, ಎದುರಿಗೆ ಹೊಸ ಅಂಗಡಿ ಆದ ಮೇಲೆ ಗಿರಾಕಿಗಳೆಲ್ಲ ಅಲ್ಲಿಗೇ ಹೋಗ್ತಿದ್ದಾರೆ. ಇಬ್ಬರು ಹುಡುಗರಿಗೆ ಈ ತಿಂಗಳೇ ಕೊನೆ ಅಂತ ಹೇಳಿಬಿಟ್ಟಿದ್ದೀನಿ. ಶ್ರಾವಣಕ್ಕೆ ಸೂರತ್ತಿಗೆ ಕೊಡೋ ಆರ್ಡರನ್ನೂ ಅರ್ಧ ಮಾಡೋಣ ಅಂತಿದ್ದೀನಿ” ಎಂದರು.

ಅಂದು ಸಂಜೆಯವರೆಗೆ ಅವರ ಮಾರಾಟದ ಪುಸ್ತಕವನ್ನೇ ಮುಂದಿಟ್ಟುಕೊಂಡು ಲೆಕ್ಕ ಹಾಕಿದೆವು. ಅವರ ವ್ಯಾಪಾರ ಶೇ. 31ರಷ್ಟು ಕುಸಿದಿರಲಿಲ್ಲ, ಶೇ. 8.5ರಷ್ಟು ಏರಿತ್ತು. ಡ್ಯಾಶ್‌ಬೋರ್ಡ್ ಮಾಡಿದ್ದ ಕೂಡುವಿಕೆಯಲ್ಲಿ ಒಂದು ರೂಪಾಯಿಯ ತಪ್ಪೂ ಇರಲಿಲ್ಲ. ಯಾವ ದಿನಗಳನ್ನು ಯಾವ ದಿನಗಳೊಡನೆ ಹೋಲಿಸಲಾಗಿದೆ ಎಂಬಲ್ಲಿ ತಪ್ಪಿತ್ತು. ಇಂದು ಬಿಲ್ಲಿಂಗ್ ತಂತ್ರಾಂಶ ಇಟ್ಟುಕೊಂಡಿರುವ ಬಹುತೇಕ ಸದಸ್ಯರ ಮುಂದೆ ಇಂಥದ್ದೇ ಒಂದು ಬಾಣ ದಿನವೂ ಕಾಣಿಸಿಕೊಳ್ಳುತ್ತಿದೆ. ದಾಸ್ತಾನು, ಕೆಲಸಗಾರರು, ಬ್ಯಾಂಕಿನ ಸಾಲ ಮುಂತಾದ ವಿಷಯಗಳಲ್ಲಿ ಅದನ್ನು ನಂಬಿ ತೀರ್ಮಾನ ಮಾಡುವವರೂ ಹೆಚ್ಚುತ್ತಿದ್ದಾರೆ. ಆದಕಾರಣ ಈ ಹೋಲಿಕೆಯನ್ನು ಮಾಡುವ ಕ್ರಮವನ್ನು ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ. ಹೇಳಬೇಕಾದದ್ದು ಇಷ್ಟೇ: ಎರಡು ವರ್ಷಗಳನ್ನು ಹೋಲಿಸುವ ಮೊದಲು ದಿನಗಳು ಸಮವಿರಬೇಕು, ಹಬ್ಬಗಳು ಸಮವಿರಬೇಕು, ರೂಪಾಯಿಯ ಅರ್ಥವೂ ಸಮವಿರಬೇಕು.

‘ಇದುವರೆಗಿನ ಮಾರಾಟ’ ಎಂದರೇನು?

ಆರ್ಥಿಕ ವರ್ಷದ ಮೊದಲ ದಿನವಾದ ಏಪ್ರಿಲ್ 1ರಿಂದ ಆರಂಭಿಸಿ, ನಾವು ಆರಿಸಿಕೊಂಡ ಒಂದು ದಿನಾಂಕದವರೆಗೆ ಆದ ಮಾರಾಟದ ಒಟ್ಟು ಮೊತ್ತವೇ ವರ್ಷಾರಂಭದಿಂದ ಇದುವರೆಗಿನ ಮಾರಾಟ. ತಂತ್ರಾಂಶಗಳಲ್ಲಿ ಇದನ್ನು ವೈ.ಟಿ.ಡಿ. ಎಂಬ ಮೂರು ಅಕ್ಷರಗಳಿಂದ ಸೂಚಿಸುತ್ತಾರೆ. ಯಾವುದೋ ಒಂದು ವಾರದ ಮಳೆಯಿಂದಲೋ ಒಂದು ದೊಡ್ಡ ಮದುವೆಯ ಖರೀದಿಯಿಂದಲೋ ತಿಂಗಳ ಮಾರಾಟ ಏರುಪೇರಾಗಬಹುದು. ಕೂಡುತ್ತ ಬಂದ ಮೊತ್ತದಲ್ಲಿ ಅಂಥ ಏರುಪೇರುಗಳು ತಕ್ಕಮಟ್ಟಿಗೆ ಸರಿದೂಗುತ್ತವೆ. ಈ ಅಂಕಿಯನ್ನು ವ್ಯಾಪಾರಸ್ಥರೂ ಬ್ಯಾಂಕಿನವರೂ ನೆಚ್ಚಿಕೊಳ್ಳುವುದು ಇದೇ ಕಾರಣದಿಂದ.

ಇಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ವರ್ಷದ ಆರಂಭ. ಹೊರದೇಶಗಳಲ್ಲಿ ತಯಾರಾದ ಹಲವು ತಂತ್ರಾಂಶಗಳು ವರ್ಷವೆಂದರೆ ಜನವರಿಯಿಂದ ಡಿಸೆಂಬರ್ ಎಂದೇ ಭಾವಿಸುತ್ತವೆ. ಪವರ್ ಬಿಐ ತಂತ್ರಾಂಶದ ವೈ.ಟಿ.ಡಿ. ಸೂತ್ರಕ್ಕೆ ವರ್ಷಾಂತ್ಯವು ಮಾರ್ಚ್ 31 ಎಂದು ನಾವಾಗಿಯೇ ತಿಳಿಸದಿದ್ದರೆ ಅದು ಡಿಸೆಂಬರ್ 31 ಎಂದು ತೆಗೆದುಕೊಳ್ಳುತ್ತದೆ. ಹಾಗಾದಾಗ, ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲಾಗಿ ಮಾರುಕಟ್ಟೆಗೆ ಬರುವ ಅರಿಶಿನದ ವಹಿವಾಟು ನಮ್ಮ ಲೆಕ್ಕಪತ್ರದಲ್ಲಿ ಹಿಂದಿನ ಸಾಲಿಗೆ ಸೇರಿದ್ದರೂ ಡ್ಯಾಶ್‌ಬೋರ್ಡಿನಲ್ಲಿ ಈ ಸಾಲಿನದೆಂದು ಕಾಣುತ್ತದೆ. ಡ್ಯಾಶ್‌ಬೋರ್ಡ್ ಮಾಡಿಕೊಟ್ಟವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು.

ಮೊದಲನೆಯದು: ದಿನಗಳು ಸಮವಿರಲಿ

ಜವಳಿ ವರ್ತಕರ ಅಂಕಿಗಳನ್ನು ಅವರ ಗುರುತು ತಿಳಿಯದಂತೆ ಬದಲಿಸಿ, ಪ್ರಮಾಣವನ್ನು ಮಾತ್ರ ಉಳಿಸಿಕೊಂಡು ಇಲ್ಲಿ ಕೊಡುತ್ತಿದ್ದೇನೆ.

2024ರಲ್ಲಿ: ಏಪ್ರಿಲ್ ತಿಂಗಳು 20 ಲಕ್ಷ ರೂ.; ಮೇ 1ರಿಂದ 20ರವರೆಗೆ 9 ಲಕ್ಷ; ಮೇ 21ರಿಂದ 31ರವರೆಗೆ 5 ಲಕ್ಷ.
2025ರಲ್ಲಿ: ಏಪ್ರಿಲ್ ತಿಂಗಳು 13.5 ಲಕ್ಷ ರೂ.; ಮೇ 1ರಿಂದ 20ರವರೆಗೆ 10 ಲಕ್ಷ.

ಡ್ಯಾಶ್‌ಬೋರ್ಡ್ ತಿಂಗಳನ್ನೇ ಒಂದು ಘಟಕವಾಗಿ ತೆಗೆದುಕೊಂಡಿತ್ತು. ಈ ಸಾಲಿನ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ದಾಖಲಾಗಿದ್ದ 23.5 ಲಕ್ಷವನ್ನು ಕಳೆದ ಸಾಲಿನ ಏಪ್ರಿಲ್ ಮತ್ತು ಮೇ ತಿಂಗಳುಗಳ ಪೂರ್ತಿ 34 ಲಕ್ಷದೊಡನೆ ಹೋಲಿಸಿತ್ತು. ಅಂದರೆ 50 ದಿನಗಳ ವ್ಯಾಪಾರವನ್ನು 61 ದಿನಗಳ ವ್ಯಾಪಾರದ ಎದುರು ತೂಗಿತ್ತು. ಶೇ. 31ರ ಇಳಿತ ಬಂದದ್ದು ಹೀಗೆ. ಕಳೆದ ಸಾಲನ್ನೂ ಮೇ 20ಕ್ಕೇ ನಿಲ್ಲಿಸಿದರೆ ಅದರ ಮೊತ್ತ 29 ಲಕ್ಷವಾಗುತ್ತದೆ, ಇಳಿತ ಶೇ. 19ಕ್ಕೆ ಬರುತ್ತದೆ.

ಡ್ಯಾಶ್‌ಬೋರ್ಡುಗಳಲ್ಲಿ ಅತಿ ಸಾಮಾನ್ಯವಾಗಿ ಕಂಡುಬರುವ ದೋಷವಿದು. ತಿಂಗಳ ಮೊದಲ ವಾರದಲ್ಲಿ ಎಲ್ಲರ ವ್ಯಾಪಾರವೂ ಕುಸಿದಂತೆ ಕಂಡು, ತಿಂಗಳ ಕೊನೆಗೆ ತಾನಾಗಿ ಚೇತರಿಸಿಕೊಂಡರೆ ನಿಮ್ಮಲ್ಲಿಯೂ ಈ ದೋಷವಿದೆಯೆಂದೇ ತಿಳಿಯಬಹುದು.

ಇದಕ್ಕೆ ಪರಿಹಾರ ಒಂದೇ ಒಂದು ಗಡಿ ದಿನಾಂಕ. ಎರಡೂ ವರ್ಷಗಳ ಲೆಕ್ಕ ಆ ದಿನಾಂಕಕ್ಕೇ ನಿಲ್ಲಬೇಕು. ಹಾಗೆಂದು ಗಡಿಯಾಗಿ ಇಂದಿನ ದಿನಾಂಕವನ್ನು ಇಡಕೂಡದು. ಎಲ್ಲ ಬಿಲ್ಲುಗಳೂ ಪುಸ್ತಕಕ್ಕೆ ಏರಿರುವ ಕೊನೆಯ ದಿನವೇ ಗಡಿಯಾಗಬೇಕು. ನಮ್ಮಲ್ಲಿ ಅನೇಕ ಅಂಗಡಿಗಳಲ್ಲಿ ಗುಮಾಸ್ತರು ಎರಡು ಮೂರು ದಿನಗಳ ಬಿಲ್ಲುಗಳನ್ನು ಒಟ್ಟಿಗೆ ಏರಿಸುವ ರೂಢಿಯಿದೆ. ಈ ಸಾಲಿನ ಕೊನೆಯ ಮೂರು ದಿನಗಳು ಖಾಲಿಯಿದ್ದು, ಕಳೆದ ಸಾಲಿನ ಅದೇ ಮೂರು ದಿನಗಳು ತುಂಬಿದ್ದರೆ ಮತ್ತೆ ಅದೇ ತಪ್ಪು ಹಿಂಬಾಗಿಲಿನಿಂದ ಒಳಬರುತ್ತದೆ.

ಕೇರಳಕ್ಕೆ ತರಕಾರಿ ಕಳುಹಿಸುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಬಂಡೀಪುರ ಅರಣ್ಯದ ಮೂಲಕ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸರಕು ವಾಹನಗಳ ಸಂಚಾರಕ್ಕೆ 2009ರಲ್ಲಿ ನಿರ್ಬಂಧ ಬಂದಿತು. ಅಂದಿನಿಂದ, ಸಂಜೆ ತಡವಾಗಿ ತುಂಬಿದ ಲಾರಿ ರಾತ್ರಿಯನ್ನು ಇಲ್ಲಿಯೇ ಕಳೆದು ಮರುದಿನ ಗಡಿ ದಾಟುತ್ತದೆ. ತಿಂಗಳ ಕೊನೆಯ ದಿನದ ಇಂಥ ಸರಕನ್ನು ಒಂದು ವರ್ಷ ಬಿಲ್ಲಿನ ದಿನಾಂಕಕ್ಕೆ, ಮತ್ತೊಂದು ವರ್ಷ ಖರೀದಿದಾರರಿಗೆ ತಲುಪಿದ ದಿನಾಂಕಕ್ಕೆ ಹಾಕಿದರೆ ಹೋಲಿಕೆ ಕೆಡುತ್ತದೆ. ಎಲ್ಲ ವರ್ಷಗಳಿಗೂ ಬಿಲ್ಲಿನ ದಿನಾಂಕವನ್ನೇ ಹಿಡಿಯುವುದು ಉಚಿತ.

ವಾರದ ಸಂತೆಯನ್ನು ನೆಚ್ಚಿದವರಿಗೆ ಸಂತೆಗಳ ಎಣಿಕೆಯೂ ಮುಖ್ಯ. 2024ರ ಆಗಸ್ಟ್ ತಿಂಗಳಿನಲ್ಲಿ ಐದು ಗುರುವಾರಗಳಿದ್ದವು. 2025ರ ಆಗಸ್ಟ್‌ನಲ್ಲಿ ನಾಲ್ಕು. ಗುರುವಾರದ ಸಂತೆಯವರಿಗೆ ಆ ತಿಂಗಳಲ್ಲಿ ಒಂದು ಸಂತೆಯೇ ಕಡಿಮೆ. ಹಾಗೆಯೇ 2023-24ನೇ ಸಾಲಿನಲ್ಲಿ ಫೆಬ್ರವರಿ 29 ಸೇರಿ 366 ದಿನಗಳಿದ್ದವು. ಇಡೀ ವರ್ಷದ ಮೊತ್ತದಲ್ಲಿ ಇದು ಅಲ್ಪ ವ್ಯತ್ಯಾಸ. ಫೆಬ್ರವರಿ ಒಂದನ್ನೇ ಹೋಲಿಸುವಾಗ ಅಲ್ಪವಲ್ಲ.

ಎರಡನೆಯದು: ಹಬ್ಬಗಳು ಸಮವಿರಲಿ

ದಿನಗಳನ್ನು ಸಮ ಮಾಡಿದ ಮೇಲೂ ಜವಳಿ ವರ್ತಕರಿಗೆ ಶೇ. 19ರ ಇಳಿತ ಉಳಿದಿತ್ತು. ಇದರ ಕಾರಣ ಪಂಚಾಂಗದಲ್ಲಿದೆ.

ನಮ್ಮ ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಆರಂಭವಾಗುತ್ತದೆ. ಜವಳಿ, ಪಾತ್ರೆ, ದಿನಸಿ ವ್ಯಾಪಾರಕ್ಕೆ ದೊಡ್ಡ ಹಬ್ಬವಾದ ಯುಗಾದಿ ಆ ದಿನಾಂಕದ ಆಚೀಚೆ ಓಡಾಡುತ್ತಿರುತ್ತದೆ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನಗಳಿರುವುದರಿಂದ ಹಬ್ಬಗಳು ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತವೆ. ಅಧಿಕ ಮಾಸ ಬಂದ ನಂತರ ಸುಮಾರು 19 ದಿನ ಮುಂದಕ್ಕೆ ಜಿಗಿಯುತ್ತವೆ. 2023ರಲ್ಲಿ ಅಧಿಕ ಶ್ರಾವಣವಿತ್ತು; 2026ರದು ಅಧಿಕ ಜ್ಯೇಷ್ಠ.

ಹಬ್ಬದ ದಿನವೊಂದನ್ನೇ ನೋಡಿದರೆ ಸಾಲದು. ಜನರು ಕೊಳ್ಳುವುದು ಅದಕ್ಕೆ ಮುಂಚಿನ ದಿನಗಳಲ್ಲಿ. ಯುಗಾದಿಗೆ ಮುಂಚಿನ 14 ದಿನಗಳನ್ನು ಖರೀದಿಯ ದಿನಗಳೆಂದು ಇಟ್ಟುಕೊಂಡು, ಅವು ಯಾವ ಆರ್ಥಿಕ ವರ್ಷದಲ್ಲಿ ಬೀಳುತ್ತವೆಂದು ಎಣಿಸಿದರೆ ಹೀಗಾಗುತ್ತದೆ. ಯುಗಾದಿಯ ದಿನಾಂಕಗಳು: 2022ರ ಏಪ್ರಿಲ್ 2, 2023ರ ಮಾರ್ಚ್ 22, 2024ರ ಏಪ್ರಿಲ್ 9, 2025ರ ಮಾರ್ಚ್ 30, 2026ರ ಮಾರ್ಚ್ 19, 2027ರ ಏಪ್ರಿಲ್ 7.

ಸಾಲು — ಆ ಸಾಲಿನಲ್ಲಿ ಬೀಳುವ ಯುಗಾದಿ ಖರೀದಿಯ ದಿನಗಳು
2022-23 — 15 ದಿನ (ಏಪ್ರಿಲ್‌ನಲ್ಲಿ 1, ಮಾರ್ಚ್‌ನಲ್ಲಿ 14)
2023-24 — 6 ದಿನ (ಮಾರ್ಚ್ 26ರಿಂದ 31)
2024-25 — 22 ದಿನ (ಏಪ್ರಿಲ್‌ನಲ್ಲಿ 8, ಮಾರ್ಚ್‌ನಲ್ಲಿ 14)
2025-26 — 14 ದಿನ (ಮಾರ್ಚ್ 5ರಿಂದ 18)
2026-27 — 8 ದಿನ (ಮಾರ್ಚ್ 24ರಿಂದ 31)

ಈ ಪಟ್ಟಿಯನ್ನು ಸ್ವಲ್ಪ ಹೊತ್ತು ನೋಡಬೇಕು. 2023-24ನೇ ಸಾಲಿಗೆ ಯುಗಾದಿಯ ಅರ್ಧದಷ್ಟು ವ್ಯಾಪಾರವೂ ದಕ್ಕಲಿಲ್ಲ. 2024-25ನೇ ಸಾಲಿಗೆ ಒಂದೂವರೆ ಯುಗಾದಿ ಸಿಕ್ಕಿತು. ಈ ಎರಡು ಸಾಲುಗಳನ್ನು ಹಾಗೆಯೇ ಹೋಲಿಸಿದ ಜವಳಿ ವ್ಯಾಪಾರಿಗೆ ತನ್ನ ಅಂಗಡಿ ಬಹಳ ಬೆಳೆದಂತೆ ತೋರುತ್ತದೆ. ಅದೇ ಉತ್ಸಾಹದಲ್ಲಿ ದಾಸ್ತಾನು ಹೆಚ್ಚಿಸಿದರೆ ಮುಂದಿನ ಸಾಲಿನಲ್ಲಿ ಸರಕು ಕಪಾಟಿನಲ್ಲಿಯೇ ಉಳಿಯುತ್ತದೆ. ಪಂಚಾಂಗ ಮಾಡುವ ಮೋಸ ಇಳಿತದ ಕಡೆಗೆ ಮಾತ್ರವಲ್ಲ, ಏರಿಕೆಯ ಕಡೆಗೂ ಇರುತ್ತದೆ.

ನಮ್ಮ ವರ್ತಕರ ವಿಷಯದಲ್ಲಿ, 2024ರ ಏಪ್ರಿಲ್ ಮೊದಲ 8 ದಿನಗಳು ಯುಗಾದಿಯ ಭರಾಟೆಯ ದಿನಗಳು. 2025ರ ಏಪ್ರಿಲ್‌ನಲ್ಲಿ ಅಂಥ ಒಂದು ದಿನವೂ ಇರಲಿಲ್ಲ. ಆ ವ್ಯಾಪಾರವೆಲ್ಲ ಮಾರ್ಚ್‌ನಲ್ಲಿ ಮುಗಿದು ಹಿಂದಿನ ಸಾಲಿಗೆ ಸೇರಿಹೋಗಿತ್ತು. ಆದ್ದರಿಂದ ಎರಡೂ ವರ್ಷಗಳಲ್ಲಿ ಮಾರ್ಚ್ 1ರಿಂದ ಮೇ 20ರವರೆಗಿನ 81 ದಿನಗಳನ್ನು ತೆಗೆದುಕೊಂಡೆವು. ಈ ಅವಧಿಯಲ್ಲಿ ಎರಡು ವರ್ಷಗಳಲ್ಲಿಯೂ ಪೂರ್ಣ ಒಂದು ಯುಗಾದಿ ಇದೆ. 2024ರ ಮಾರ್ಚ್ ಮಾರಾಟ 12 ಲಕ್ಷ, 2025ರ ಮಾರ್ಚ್ ಮಾರಾಟ 21 ಲಕ್ಷ. ಇವನ್ನು ಸೇರಿಸಿದರೆ 2024ಕ್ಕೆ 41 ಲಕ್ಷ, 2025ಕ್ಕೆ 44.5 ಲಕ್ಷ. ಏರಿಕೆ ಶೇ. 8.5. ಎದುರಿನ ಹೊಸ ಅಂಗಡಿ ಇದ್ದರೂ ಅವರ ಗಿರಾಕಿಗಳು ಅವರಲ್ಲಿಯೇ ಇದ್ದರು.

ತರಕಾರಿ ಮತ್ತು ಹೂವಿನ ವಹಿವಾಟಿಗೆ ಓಣಂ ಹಬ್ಬವೇ ಯುಗಾದಿ. ತೆರಕಣಾಂಬಿ, ಗುಂಡ್ಲುಪೇಟೆಗಳಿಂದ ಕೇರಳಕ್ಕೆ ಹೋಗುವ ಸರಕು ಆ ಹಬ್ಬದ ಮುಂಚಿನ ದಿನಗಳಲ್ಲಿ ಏರುತ್ತದೆ. ತಿರುವೋಣಂ 2023ರಲ್ಲಿ ಆಗಸ್ಟ್ 29ಕ್ಕೆ, 2024ರಲ್ಲಿ ಸೆಪ್ಟೆಂಬರ್ 15ಕ್ಕೆ, 2025ರಲ್ಲಿ ಸೆಪ್ಟೆಂಬರ್ 5ಕ್ಕೆ ಬಂದಿತು. ಮುಂಚಿನ 10 ದಿನಗಳನ್ನು ಎಣಿಸಿದರೆ, 2023ರಲ್ಲಿ ಹತ್ತೂ ದಿನ ಆಗಸ್ಟ್‌ಗೆ ಸೇರಿದವು. 2024ರಲ್ಲಿ ಹತ್ತೂ ದಿನ ಸೆಪ್ಟೆಂಬರ್‌ಗೆ ಸೇರಿದವು. 2025ರಲ್ಲಿ ಆಗಸ್ಟ್‌ಗೆ 6, ಸೆಪ್ಟೆಂಬರ್‌ಗೆ 4. ಆದಕಾರಣ ಆಗಸ್ಟ್ 31ಕ್ಕೆ ನಿಲ್ಲಿಸಿದ ಹೋಲಿಕೆ ಈ ಮೂರು ವರ್ಷಗಳಲ್ಲಿ ಮೂರು ಬಗೆಯ ಉತ್ತರ ಕೊಡುತ್ತದೆ. ಇಲ್ಲಿ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳನ್ನು ಒಡೆಯದೆ ಜೊತೆಯಾಗಿಯೇ ನೋಡಬೇಕು.

ಹಾಗೆ ನೋಡಿದ ಮೇಲೆ ಏನು ಉಳಿಯುತ್ತದೋ ಅದು ನಿಜವಾದ ಬದಲಾವಣೆ. 2024ರ ಜುಲೈ 30ರಂದು ವಯನಾಡಿನಲ್ಲಿ ಭೀಕರ ಭೂಕುಸಿತವಾಗಿ, ಕೇರಳ ಸರ್ಕಾರ ಆ ವರ್ಷದ ಓಣಂ ವಾರಾಚರಣೆಯನ್ನು ರದ್ದುಪಡಿಸಿತು. ಆ ವರ್ಷದ ಆಗಸ್ಟ್‌ನಲ್ಲಿ ಮಾರಾಟ ಕುಸಿದಿದ್ದ ತರಕಾರಿ ವರ್ತಕರ ಎದುರು ಎರಡು ಕಾರಣಗಳಿದ್ದವು: ಹಬ್ಬ ಸರಿದದ್ದು ಒಂದು, ಬೇಡಿಕೆಯೇ ತಗ್ಗಿರಬಹುದಾದದ್ದು ಇನ್ನೊಂದು. ಮೊದಲನೆಯದು ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ತಾನೇ ತುಂಬಿಕೊಳ್ಳುತ್ತದೆ. ಎರಡನೆಯದು ತುಂಬುವುದಿಲ್ಲ. ಎರಡು ತಿಂಗಳುಗಳನ್ನು ಕೂಡಿ ನೋಡಿದರೆ ಮಾತ್ರ ಒಂದರಿಂದ ಇನ್ನೊಂದನ್ನು ಬೇರ್ಪಡಿಸಲು ಸಾಧ್ಯ.

ಇದೇ ನಿಯಮವನ್ನು ಬೇರೆ ಹಬ್ಬಗಳಿಗೂ ಅನ್ವಯಿಸಬಹುದು. ಬಲಿಪಾಡ್ಯಮಿ 2022ರಲ್ಲಿ ಅಕ್ಟೋಬರ್ 26, 2023ರಲ್ಲಿ ನವೆಂಬರ್ 14, 2024ರಲ್ಲಿ ನವೆಂಬರ್ 2, 2025ರಲ್ಲಿ ಅಕ್ಟೋಬರ್ 22. ಆಯುಧಪೂಜೆ 2024ರಲ್ಲಿ ಅಕ್ಟೋಬರ್ 11ಕ್ಕಿದ್ದರೆ 2025ರಲ್ಲಿ ಅಕ್ಟೋಬರ್ 1ಕ್ಕೇ ಬಂದಿತು. ಅದರ ಖರೀದಿಯೆಲ್ಲ ಸೆಪ್ಟೆಂಬರ್ ಅರ್ಧವಾರ್ಷಿಕ ಲೆಕ್ಕದೊಳಗೆ ಸೇರಿತು. ಮಾರ್ಚ್–ಏಪ್ರಿಲ್, ಆಗಸ್ಟ್–ಸೆಪ್ಟೆಂಬರ್, ಸೆಪ್ಟೆಂಬರ್–ಅಕ್ಟೋಬರ್–ನವೆಂಬರ್ ಇವನ್ನು ಒಂದೊಂದು ಕಟ್ಟಾಗಿ ಇಟ್ಟುಕೊಂಡರೆ ಹಬ್ಬ ಎಲ್ಲಿಗೆ ಸರಿದರೂ ಕಟ್ಟಿನೊಳಗೇ ಇರುತ್ತದೆ.

ಕೆಲವು ವರ್ಷಗಳನ್ನು ಆಧಾರ ವರ್ಷವನ್ನಾಗಿ ಬಳಸಲೇಬಾರದು. 2020ರ ಯುಗಾದಿ ಮಾರ್ಚ್ 25ರಂದು ಬಂದಿತು. ದೇಶವ್ಯಾಪಿ ಲಾಕ್‌ಡೌನ್ ಆರಂಭವಾದದ್ದೂ ಅದೇ ದಿನ. ಆ ನಂತರದ ತಿಂಗಳುಗಳೊಡನೆ ಹೋಲಿಸಿ ಬಂದ ಯಾವ ಏರಿಕೆಗೂ ಅರ್ಥವಿಲ್ಲ. ಸ್ಥಳೀಯ ಘಟನೆಗಳೂ ಹೀಗೆಯೇ. ಚಾಮರಾಜನಗರದ ಶ್ರೀ ಚಾಮರಾಜೇಶ್ವರಸ್ವಾಮಿಯ ರಥಕ್ಕೆ 2017ರಲ್ಲಿ ಬೆಂಕಿ ಬಿದ್ದು, ಆಷಾಢದ ರಥೋತ್ಸವ ಕೆಲವು ವರ್ಷ ನಿಂತು, ಹೊಸ ರಥದೊಡನೆ 2022ರಲ್ಲಿ ಮತ್ತೆ ನಡೆಯಿತು. ದೇವಸ್ಥಾನದ ಸುತ್ತಲಿನ ಹಣ್ಣು, ಸಿಹಿ, ಬಳೆ ಅಂಗಡಿಗಳವರು 2022ರ ಆಷಾಢವನ್ನು ಅದರ ಹಿಂದಿನ ಆಷಾಢದೊಡನೆ ಹೋಲಿಸುವಾಗ ಈ ಒಂದು ಸಾಲನ್ನು ಪಕ್ಕದಲ್ಲಿ ಬರೆದಿಡಬೇಕು.

ಮೂರನೆಯದು: ರೂಪಾಯಿಯ ಅರ್ಥ ಸಮವಿರಲಿ

ಮೊದಲಿಗೆ, ತೆರಿಗೆ. ಮಾರಾಟವನ್ನು ಜಿಎಸ್‌ಟಿ ಬಿಟ್ಟು ಹೋಲಿಸಬೇಕು. ಒಂದು ಉದಾಹರಣೆ. 1,800 ರೂ. ಮೂಲ ಬೆಲೆಯ ಸಿದ್ಧ ಉಡುಪಿಗೆ ಮೊದಲು ಶೇ. 12 ತೆರಿಗೆಯಿತ್ತು, ಬಿಲ್ಲಿನ ಮೊತ್ತ 2,016 ರೂ. 2025ರ ಸೆಪ್ಟೆಂಬರ್ 22ರಿಂದ 2,500 ರೂ. ವರೆಗಿನ ಉಡುಪಿಗೆ ಶೇ. 5 ಆಯಿತು, ಬಿಲ್ಲಿನ ಮೊತ್ತ 1,890 ರೂ. ಅಷ್ಟೇ ಉಡುಪುಗಳು, ಅದೇ ಬೆಲೆಗೆ ಮಾರಾಟವಾದರೂ ಬಿಲ್ಲಿನ ಮೊತ್ತವನ್ನು ಕೂಡುವ ಡ್ಯಾಶ್‌ಬೋರ್ಡ್ ಶೇ. 6.25ರ ಇಳಿತ ತೋರಿಸುತ್ತದೆ. ಆ ದಿನಾಂಕದ ಈಚೆಗೂ ಆಚೆಗೂ ಹರಡಿದ ಪ್ರತಿಯೊಂದು ಹೋಲಿಕೆಯನ್ನೂ ಈ ದೃಷ್ಟಿಯಿಂದ ಪರಿಶೀಲಿಸುವುದು ಅವಶ್ಯ. ಅದೇ ರೀತಿ 2017ರ ಜುಲೈ 1ಕ್ಕೆ ಹಿಂದಿನ ಮೌಲ್ಯವರ್ಧಿತ ತೆರಿಗೆಯ ಕಾಲದ ಅಂಕಿಗಳನ್ನು ಬಳಸುವವರೂ ತೆರಿಗೆ ಕಳೆದೇ ಬಳಸಬೇಕು.

ಎರಡನೆಯದಾಗಿ, ವಾಪಸು ಬಂದ ಸರಕು. ಕಳೆದ ಸಾಲಿನ ಮೇ ತಿಂಗಳ ಮಾರಾಟಕ್ಕೆ ಸಂಬಂಧಿಸಿದ ಕ್ರೆಡಿಟ್ ನೋಟ್‌ಗಳೆಲ್ಲ ಈಗಾಗಲೇ ಪುಸ್ತಕಕ್ಕೆ ಏರಿವೆ. ಈ ಸಾಲಿನ ಮೇ ತಿಂಗಳಿನವು ಇನ್ನೂ ಬರಬೇಕಿದೆ. ಒಂದು ಸಾಲಿನ ಕ್ರೆಡಿಟ್ ನೋಟ್‌ಗಳನ್ನು ಜಿಎಸ್‌ಟಿ ವಿವರಣೆಯಲ್ಲಿ ತೋರಿಸಲು ಮುಂದಿನ ನವೆಂಬರ್ 30ರವರೆಗೂ ಕಾನೂನಿನಲ್ಲಿ ಅವಕಾಶವಿದೆ. ಹೀಗಾಗಿ ಉದ್ದರಿ ಮಾರಾಟ ಹೆಚ್ಚಿರುವ ಸಗಟು ವರ್ತಕರಿಗೆ ಈ ಸಾಲು ಯಾವಾಗಲೂ ಇರುವುದಕ್ಕಿಂತ ತುಸು ಚೆನ್ನಾಗಿ ಕಾಣುತ್ತದೆ.

ಮೂರನೆಯದಾಗಿ, ಧಾರಣೆ. ಅರಿಶಿನದಂಥ ಸರಕಿನಲ್ಲಿ ಧಾರಣೆ ಒಂದು ವರ್ಷದಿಂದ ಇನ್ನೊಂದಕ್ಕೆ ಬಹಳ ವ್ಯತ್ಯಾಸವಾಗುತ್ತದೆ. ಲೆಕ್ಕಕ್ಕಾಗಿ ಊಹಿಸಿಕೊಳ್ಳೋಣ: ಒಂದು ವರ್ಷ 100 ಕ್ವಿಂಟಾಲ್, ಕ್ವಿಂಟಾಲಿಗೆ 7,000 ರೂ.; ಮರುವರ್ಷ 80 ಕ್ವಿಂಟಾಲ್, 12,000 ರೂ. ಮಾರಾಟ 7 ಲಕ್ಷದಿಂದ 9.6 ಲಕ್ಷಕ್ಕೆ, ಅಂದರೆ ಶೇ. 37ರಷ್ಟು ಏರಿತು. ತೂಕ ಶೇ. 20ರಷ್ಟು ಇಳಿಯಿತು. ಧಾರಣೆ ಹಿಂದಿನ ಮಟ್ಟಕ್ಕೆ ಬಂದ ದಿನ ಈ ವರ್ತಕರಿಗೆ ಉಳಿಯುವುದು ಐದನೆಯ ಒಂದು ಭಾಗ ಕಳೆದುಕೊಂಡ ವ್ಯಾಪಾರ. ಆದ್ದರಿಂದ ತೂಕ ಅಥವಾ ಸಂಖ್ಯೆಯ ಹೋಲಿಕೆ ರೂಪಾಯಿಯ ಹೋಲಿಕೆಯ ಪಕ್ಕದಲ್ಲಿಯೇ ಇರಬೇಕು.

ಸಣ್ಣ ಕೈಗಾರಿಕೆಗಳವರಿಗೆ ಇನ್ನೊಂದು ತೊಡಕಿದೆ. ಕರಿಶಿಲೆಯನ್ನು ಕೊಯ್ದು ಹೊಳಪು ಕೊಡುವ ಘಟಕವೊಂದಕ್ಕೆ ವರ್ಷದಲ್ಲಿ ಕೆಲವೇ ದೊಡ್ಡ ಆರ್ಡರುಗಳು ಇರಬಹುದು. 18 ಲಕ್ಷದ ಒಂದು ಬಿಲ್ಲು ಮಾರ್ಚ್ 28ರ ಬದಲು ಏಪ್ರಿಲ್ 4ಕ್ಕೆ ಆದರೆ ಹಳೆಯ ಸಾಲು ಬಡವಾಗಿ ಹೊಸ ಸಾಲು ಶ್ರೀಮಂತವಾಗುತ್ತದೆ. ಅಂಥವರು ಡ್ಯಾಶ್‌ಬೋರ್ಡಿನಲ್ಲಿ ಮಾರಾಟದ ಜೊತೆಗೆ ಕೈಯಲ್ಲಿರುವ ಆರ್ಡರುಗಳ ಮೊತ್ತವನ್ನೂ ಇಟ್ಟುಕೊಳ್ಳತಕ್ಕದ್ದು.

ಲೆಕ್ಕ ಮಾಡುವ ಕ್ರಮ

ಇದಕ್ಕೆ ದುಬಾರಿ ತಂತ್ರಾಂಶ ಬೇಕಿಲ್ಲ. ಎಕ್ಸೆಲ್ ಬಲ್ಲ ಗುಮಾಸ್ತರಿದ್ದರೆ ಸಾಕು.

1) ಒಂದು ಹಾಳೆಯಲ್ಲಿ ಮೂರು ಅಂಕಣಗಳು: ಬಿಲ್ಲಿನ ದಿನಾಂಕ, ಬಿಲ್ಲಿನ ಸಂಖ್ಯೆ, ತೆರಿಗೆ ಬಿಟ್ಟ ಮೊತ್ತ. ಕ್ರೆಡಿಟ್ ನೋಟ್‌ಗಳನ್ನು ಋಣ ಚಿಹ್ನೆಯೊಡನೆ ಅಲ್ಲಿಯೇ ಬರೆಯಬೇಕು. ಎಲ್ಲ ವರ್ಷಗಳೂ ಒಂದೇ ಹಾಳೆಯಲ್ಲಿರಲಿ.

2) ಇನ್ನೊಂದು ಹಾಳೆಯ ಒಂದು ಮನೆಯಲ್ಲಿ ಗಡಿ ದಿನಾಂಕ ಬರೆಯಿರಿ. ಅದರ ಕೆಳಗೆ ಈಡೇಟ್ ಸೂತ್ರದಿಂದ 12 ತಿಂಗಳು ಹಿಂದಿನ ದಿನಾಂಕ ಪಡೆಯಿರಿ. ಫೆಬ್ರವರಿ 29ನ್ನು ಈ ಸೂತ್ರ ತಾನಾಗಿ 28ಕ್ಕೆ ಇಳಿಸಿಕೊಳ್ಳುತ್ತದೆ.

3) ಸಮ್‌ಇಫ್ಸ್ ಸೂತ್ರಕ್ಕೆ ಎರಡು ಷರತ್ತು ಕೊಡಿ: ದಿನಾಂಕ ಏಪ್ರಿಲ್ 1 ಅಥವಾ ಅದರ ನಂತರ, ದಿನಾಂಕ ಗಡಿ ಅಥವಾ ಅದರ ಮುಂಚೆ. ಕಳೆದ ಸಾಲಿಗೂ ಇದೇ ಸೂತ್ರ, ಕಳೆದ ಸಾಲಿನ ಎರಡು ದಿನಾಂಕಗಳೊಡನೆ.

4) ವ್ಯತ್ಯಾಸವನ್ನು ಕಳೆದ ಸಾಲಿನ ಮೊತ್ತದಿಂದ ಭಾಗಿಸಿ. ಕಳೆದ ಸಾಲಿನ ಮೊತ್ತ ಸೊನ್ನೆಯಾಗಿದ್ದರೆ ಅಥವಾ ಅಂಗಡಿ ಆಗ ಪೂರ್ತಿ ಅವಧಿ ತೆರೆದಿರದಿದ್ದರೆ ಶೇಕಡಾವಾರು ಬರೆಯದೆ ‘ಹೋಲಿಕೆ ಇಲ್ಲ’ ಎಂದು ಬರೆಯಿರಿ.

5) ಅದರ ಕೆಳಗೆ ಎರಡನೆಯ ಸಾಲೊಂದರಲ್ಲಿ ಹಬ್ಬ ಸಮ ಮಾಡಿದ ಅವಧಿಯ ಹೋಲಿಕೆ, ಮೂರನೆಯ ಸಾಲಿನಲ್ಲಿ ತೂಕ ಅಥವಾ ಸಂಖ್ಯೆಯ ಹೋಲಿಕೆ ಇರಲಿ.

ಟ್ಯಾಲಿ ಬಳಸುವವರು ಮಾರಾಟದ ವರದಿಯಲ್ಲಿ ಅವಧಿಯನ್ನು ನಮೂದಿಸಿ, ಹೊಸ ಅಂಕಣ ಸೇರಿಸುವ ಸೌಲಭ್ಯದಿಂದ ಕಳೆದ ಸಾಲಿನ ಅದೇ ಅವಧಿಯನ್ನು ಪಕ್ಕದಲ್ಲಿ ತರಬಹುದು. ಪವರ್ ಬಿಐನಂಥ ತಂತ್ರಾಂಶದಲ್ಲಿ ಕಳೆದ ಸಾಲಿನ ಸೂತ್ರಕ್ಕೆ ಗಡಿ ದಿನಾಂಕದ ಮಿತಿಯನ್ನು ಪ್ರತ್ಯೇಕವಾಗಿ ಹಾಕಿಸಬೇಕು. ಇಲ್ಲವಾದರೆ ಅದು ಕಳೆದ ಸಾಲಿನ ಪೂರ್ತಿ ಮೊತ್ತವನ್ನೇ ತಂದು ನಿಲ್ಲಿಸುತ್ತದೆ.

ಈ ಅಂಕಿ ಎಲ್ಲೆಲ್ಲಿ ಬಳಕೆಯಾಗುತ್ತದೆ?

ಬ್ಯಾಂಕು: 5 ಕೋಟಿ ರೂ. ವರೆಗಿನ ದುಡಿಯುವ ಬಂಡವಾಳದ ಮಿತಿಯನ್ನು ಸಣ್ಣ ಉದ್ದಿಮೆಗಳಿಗೆ ನಿಗದಿಪಡಿಸುವಾಗ, ನಾಯಕ್ ಸಮಿತಿಯ ಶಿಫಾರಸಿನಂತೆ, ಅಂದಾಜು ವಾರ್ಷಿಕ ವಹಿವಾಟಿನ ಶೇ. 20ನ್ನು ಕನಿಷ್ಠವಾಗಿ ಹಿಡಿಯುವ ಪದ್ಧತಿಯಿದೆ. 2 ಕೋಟಿ ವಹಿವಾಟಿಗೆ 40 ಲಕ್ಷ. ನಮ್ಮ ಜವಳಿ ವರ್ತಕರು ಶೇ. 31ರ ಇಳಿತದ ಮೇಲೆ ಅಂದಾಜು ಕೊಟ್ಟಿದ್ದರೆ ವಹಿವಾಟು 1.38 ಕೋಟಿ, ಮಿತಿ 27.6 ಲಕ್ಷ ಎಂದಾಗುತ್ತಿತ್ತು. ಶ್ರಾವಣದ ಸರಕು ತರಿಸುವ ಹೊತ್ತಿಗೆ 12.4 ಲಕ್ಷ ರೂ. ಕೈತಪ್ಪುತ್ತಿತ್ತು.

ತೆರಿಗೆ: ಕಾನೂನಿಗೆ ಯುಗಾದಿಯೂ ಓಣಂ ಹಬ್ಬವೂ ಗೊತ್ತಿಲ್ಲ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಆದದ್ದೆಲ್ಲ ಆ ಸಾಲಿನದೇ. ಹಬ್ಬ ಸಮ ಮಾಡಿದ ಅಂಕಿಯನ್ನು ತೆರಿಗೆಯ ಲೆಕ್ಕಕ್ಕೆ ಎಂದೂ ಬಳಸಕೂಡದು. ಆದರೆ ಪಂಚಾಂಗದ ತಿಳಿವಳಿಕೆ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಮುಂಗಡ ತೆರಿಗೆಯ ಕೊನೆಯ ಕಂತು ಮಾರ್ಚ್ 15ಕ್ಕೆ. 2025ರಲ್ಲಿ ಆದಂತೆ ಯುಗಾದಿಯ ಖರೀದಿಯೆಲ್ಲ ಮಾರ್ಚ್ 16ರ ನಂತರ ಬಿದ್ದರೆ, 15ರ ಅಂದಾಜಿನಲ್ಲಿಯೇ ಅದನ್ನು ಸೇರಿಸಿಕೊಳ್ಳಬೇಕು. ಕೊರತೆಯಾದುದನ್ನು ಮಾರ್ಚ್ 31ರೊಳಗೆ ತುಂಬಿದರೆ ಅದೂ ಮುಂಗಡ ತೆರಿಗೆಯೆಂದೇ ಪರಿಗಣಿತವಾಗುತ್ತದೆ.

ನೋಂದಣಿ: ಸರಕು ಮಾರಾಟಗಾರರಿಗೆ ಜಿಎಸ್‌ಟಿ ನೋಂದಣಿಯ ಮಿತಿ ನಮ್ಮ ರಾಜ್ಯದಲ್ಲಿ ವಾರ್ಷಿಕ 40 ಲಕ್ಷ ರೂ. 2025ರ ಜುಲೈನಲ್ಲಿ ಯುಪಿಐ ಪಾವತಿಗಳ ಆಧಾರದ ಮೇಲೆ ರಾಜ್ಯದ ಅನೇಕ ಸಣ್ಣ ವರ್ತಕರಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸುಗಳು ಬಂದದ್ದು ಸದಸ್ಯರ ನೆನಪಿನಲ್ಲಿರಬಹುದು. ಮಿತಿಯ ಸಮೀಪದಲ್ಲಿರುವವರು ಏಪ್ರಿಲ್ 1ರಿಂದ ಕೂಡುತ್ತ ಬಂದ ಮೊತ್ತವನ್ನು ಪ್ರತಿ ತಿಂಗಳು ನೋಡಿಕೊಳ್ಳುವುದು ಸುರಕ್ಷಿತ.

ಕೊನೆಯ ಮಾತು

ಈ ಕ್ರಮವನ್ನು ಇಳಿತಕ್ಕೆ ನೆಪ ಹುಡುಕಲು ಬಳಸಬಾರದು. ಯಾವ ಅವಧಿಯನ್ನು ಹೋಲಿಸಬೇಕೆಂಬುದನ್ನು ಅಂಕಿ ನೋಡುವ ಮೊದಲೇ ತೀರ್ಮಾನಿಸಿ, ಬರೆದಿಡಬೇಕು. ಅಂಕಿ ನೋಡಿದ ಮೇಲೆ ಅವಧಿಯನ್ನು ಆರಿಸಿಕೊಂಡರೆ ಯಾವ ಅಂಗಡಿಯನ್ನಾದರೂ ಲಾಭದಲ್ಲಿ ತೋರಿಸಬಹುದು. ದಿನ, ಹಬ್ಬ, ಬೆಲೆ ಮೂರನ್ನೂ ಸಮ ಮಾಡಿದ ಮೇಲೂ ಇಳಿತ ಉಳಿದರೆ ಅದು ನಿಜವಾದ ಇಳಿತ. ಆಗ ಎದುರಿನ ಅಂಗಡಿಯ ಕಡೆಗೆ ನೋಡಬೇಕು, ನಮ್ಮ ಸರಕು, ಬೆಲೆ, ನಡವಳಿಕೆಯ ಕಡೆಗೂ ನೋಡಬೇಕು.

ಗುಂಡ್ಲುಪೇಟೆಯ ವರ್ತಕರು ಶ್ರಾವಣದ ಆರ್ಡರನ್ನು ಕಡಿತ ಮಾಡಲಿಲ್ಲ. ಆ ಇಬ್ಬರು ಹುಡುಗರನ್ನೂ ಮತ್ತೆ ಕರೆದರು. ಒಬ್ಬ ಉಳಿದುಕೊಂಡ. ಹನ್ನೊಂದು ವರ್ಷ ಅದೇ ಗಲ್ಲಾದ ಪಕ್ಕದಲ್ಲಿ ಸೀರೆ ಬಿಡಿಸಿ ತೋರಿಸುತ್ತಿದ್ದ ಇನ್ನೊಬ್ಬ ಅಷ್ಟರಲ್ಲಿ ನಂಜನಗೂಡಿನ ಅಂಗಡಿಯೊಂದಕ್ಕೆ ಮಾತು ಕೊಟ್ಟಾಗಿತ್ತು. ಲೆಕ್ಕವನ್ನು ಒಂದು ಸಂಜೆಯಲ್ಲಿ ಸರಿಪಡಿಸಬಹುದು. ಅದನ್ನು ನಂಬಿ ಆಡಿದ ಮಾತನ್ನು ಹಿಂದಕ್ಕೆ ಪಡೆಯುವುದು ಅಷ್ಟು ಸುಲಭವಲ್ಲ. ಸದಸ್ಯರು ಮುಂದಿನ ಸಲ ಡ್ಯಾಶ್‌ಬೋರ್ಡಿನ ಬಾಣವನ್ನು ಕಂಡಾಗ, ಅದು ಕೆಂಪಾಗಿರಲಿ ಹಸಿರಾಗಿರಲಿ, ತಮ್ಮ ಗುಮಾಸ್ತರನ್ನು ಕರೆದು ‘ಎಂದಿನಿಂದ ಎಂದಿನವರೆಗೆ?’ ಎಂಬ ಒಂದು ಪ್ರಶ್ನೆಯನ್ನು ಮೊದಲು ಕೇಳಬೇಕೆಂದು ವಿನಂತಿ.